ಕೆಂಪು ದಾರ ಕಟ್ಟಿದ ಡಬ್ಬಿ

ದಾಯಾದಿಗಳು ಹಗೆ ಕಟ್ಟಿಕೊಳ್ಳಬೇಕಾದರೆ ಹೊಲದ ಬದುವೋ ಬಾವಿಯ ನೀರೋ ಇರಲೇಬೇಕು ಎಂದು ಯಾರು ಹೇಳಿದರು? ಆಂಡಿಪಟ್ಟಿಯ ಮುತ್ತುಸಾಮಿಗೆ ಒಂದು ಡಬ್ಬಿ ಪ್ಲಗ್ ವಯರು ಸಾಕಾಯಿತು.

ಕಾರು ಅವನ ಅಪ್ಪನದು, ಹಳೆಯ ಬಿಳಿ ಮಾರುತಿ. ಅಪ್ಪನೂ ಚಿಕ್ಕಪ್ಪನೂ ಒಂದೇ ದಿನ ಹೋಗಿ ಒಂದೊಂದು ಕೊಂಡು ತಂದಿದ್ದರು, ಚಿಕ್ಕಪ್ಪನದು ಕೆಂಪು. ಇಬ್ಬರೂ ತೀರಿಕೊಂಡ ಮೇಲೆ ಬಿಳಿಯದು ಮುತ್ತುಸಾಮಿಗೆ ಬಂತು, ಕೆಂಪು ಚಿಕ್ಕಪ್ಪನ ಮಗ ಮಣಿಕಂಡನ್‌ಗೆ ಹೋಯಿತು. ಮಣಿಕಂಡನ್ ಬತ್ತಲಗುಂಡಿನಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ತಮ್ಮನೇ ಅಂಗಡಿ ಇಟ್ಟಿರುವಾಗ ಬೇರೆಯವರ ಹತ್ತಿರ ಕೊಳ್ಳಲಾಗುತ್ತದೆಯೆ? ಪ್ಲಗ್ಗಿಗೆ ಕರೆಂಟು ಒಯ್ಯುವ ವಯರು ಹಳತಾದಾಗ ಮುತ್ತುಸಾಮಿ ಅವನಲ್ಲಿಗೇ ಹೋದ.

"ಒರಿಜಿನಲ್ ಸರಕು ಅಣ್ಣೇ. ಕಣ್ಣು ಮುಚ್ಕೊಂಡು ಹಾಕ್ಸು" ಎಂದು ಮಣಿಕಂಡನ್ ಒಂದು ಡಬ್ಬಿ ಕೊಟ್ಟ. ಮುತ್ತುಸಾಮಿ ಕಣ್ಣು ಮುಚ್ಚಿಕೊಂಡೇ ಹಾಕಿಸಿದ. ತಪ್ಪಾದದ್ದು ಅಲ್ಲಿ.

ಅವನ ತಂಗಿ ಮುತ್ತುಸೆಲ್ವಿಯನ್ನು ಕೊಂಬೈಗೆ ಕೊಟ್ಟಿದ್ದರು. ಅವಳ ಮೊದಲ ಮಗನಿಗೆ ಕಿವಿ ಚುಚ್ಚುವ ಶುಭಕಾರ್ಯ ಬಂತು. ಅವರ ಜನದಲ್ಲಿ ಮಗು ತಾಯ್‌ಮಾಮನ ಮಡಿಲಲ್ಲಿ ಕೂತ ಹೊರತು ಆಚಾರಿ ಸೂಜಿ ಎತ್ತುವುದಿಲ್ಲ. ತಾಯ್‌ಮಾಮ ಎಂದರೆ ತಾಯಿಯ ಅಣ್ಣ ತಮ್ಮಂದಿರು. ಒಡಹುಟ್ಟಿದವನು ಬಂದರೆ ಅವನದೇ ಮಡಿಲು, ಬರದಿದ್ದರೆ ದಾಯಾದಿಯದೂ ನಡೆಯುತ್ತದೆ. ಮುತ್ತುಸಾಮಿ ಸೀರಿನ, ಎಂದರೆ ತವರಿನ ಉಡುಗೊರೆಯ, ತಟ್ಟೆಗಳನ್ನು ಕಾರಿಗೆ ತುಂಬಿಕೊಂಡು ಹೊತ್ತಿಗೆ ಮುಂಚೆಯೇ ಹೊರಟ. ಬಿಸಿಲು ಇರುವ ತನಕ ಕಾರು ಚೆನ್ನಾಗಿಯೇ ಓಡಿತು. ಉತ್ತಮಪಾಳ್ಯ ದಾಟಿ ಬೆಟ್ಟದ ಕಡೆಯಿಂದ ಸಾರಲು, ಅದೇ ಆನಿ ತಿಂಗಳ ತುಂತುರು, ಬೀಳತೊಡಗಿದ್ದೇ ತಡ, ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು.

ಹಿಂದಿನಿಂದ ಕೆಂಪು ಕಾರು ಬಂತು. ಮಣಿಕಂಡನ್ ಗಾಜು ಇಳಿಸಿ, "ನೀ ಬಾ ಅಣ್ಣೇ, ನಾ ಮುಂದೆ ಹೋಗಿ ಹೇಳ್ತೀನಿ" ಎಂದು ಕೈ ಬೀಸಿ ಹೊರಟೇಹೋದ. ಮುತ್ತುಸಾಮಿ ಬಾಳೆಗೊನೆಯ ಲಾರಿ ಹತ್ತಿ, ನೆನೆದು ತೊಪ್ಪೆಯಾಗಿ ಗುಡಿ ಮುಟ್ಟುವಾಗ ಕಿವಿ ಚುಚ್ಚಿ ಆಗಿತ್ತು. ಮಗು ಮಣಿಕಂಡನ್ ಮಡಿಲಲ್ಲಿ ಅಳುತ್ತಿತ್ತು. ತಾಯ್‌ಮಾಮನಿಗೆ ಹೊದಿಸುವ ಮರ್ಯಾದೆಯ ಟವಲು ಅವನ ಹೆಗಲ ಮೇಲಿತ್ತು.

ವಯರಿನ ಮಾತೆತ್ತಿದರೆ ಆ ಪುಣ್ಯಾತ್ಮ ನಾಲ್ಕು ಜನರೆದುರು ಹೀಗೆಂದ: "ಎರಡೂ ಒಂದೇ ವಯಸ್ಸಿನ ಕಾರು. ನಂದು ಓಡ್ತೈತೆ, ನಿಂದು ನಿಲ್ತೈತೆ. ವಯರಲ್ಲೇನೂ ತಪ್ಪಿಲ್ಲ ಅಣ್ಣೇ, ಓಡ್ಸೋ ಕೈಯಲ್ಲಿ ತಪ್ಪು." ಎಲ್ಲರೂ ನಕ್ಕರು. ತಂಗಿ ಮಾತ್ರ ನಗಲಿಲ್ಲ. "ಸೀರಿಗೆ ಹೆದ್ರಿ ಬೇಕೂಂತ್ಲೇ ತಡ ಮಾಡ್ದ ಅಂತ ಅತ್ತೆ ಅಂತವ್ರೆ ಅಣ್ಣಾ" ಎಂದವಳು ಬಹಳ ದಿನ ಫೋನನ್ನೂ ಮಾಡಲಿಲ್ಲ. ಮಣಿಕಂಡನ್ ಮಗುವನ್ನು ಕೂರಿಸಿಕೊಂಡ ಪಟ ಅವಳ ಮನೆಯ ನಡುಗೋಡೆಗೇರಿತು.

ನಿಂತ ಕಾರನ್ನು ಎಳೆಸಿಕೊಂಡು ಬಂದಾಗಲೇ ತೇನಿಯ ಮೆಕ್ಯಾನಿಕ್ ಪಾಂಡಿ ಶೆಡ್ಡಿನ ಬಾಗಿಲು ಎಳೆದು ಕತ್ತಲೆ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಆ ವಯರುಗಳ ಮೇಲೆ ನೀರು ಚಿಮುಕಿಸಿದ್ದ. ನೀಲಿ ಕಿಡಿ ವಯರಿನ ಮೈಮೇಲೆಲ್ಲ ಹರಿದಾಡಿತು. "ಡೂಪ್ಲಿಕೇಟ್ ಅಣ್ಣಾಚ್ಚಿ" ಎಂದ ಪಾಂಡಿ. ಅಂದಿನಿಂದ ಮುತ್ತುಸಾಮಿಯ ಹೊಟ್ಟೆಯೊಳಗೂ ಅದೇ ಕಿಡಿ. ದಿಂಡಿಗಲ್ಲಿಗೆ ಹೋದಾಗಲೆಲ್ಲ ಅಲ್ಲಿಯ ಹೆಸರುವಾಸಿ ಬೀಗ ಕೊಳ್ಳುವ ನೆವದಲ್ಲಿ ಸ್ಪೇರ್ ಪಾರ್ಟ್ಸ್ ಬೀದಿ ಸುತ್ತಿದ. ಒಳ್ಳೆಯ ವಯರಿನ ಮೈ ಸಿಲಿಕಾನು, ಮಡಿಸಿ ಬಿಟ್ಟರೆ ನುಣುಪಾಗಿ ನೆಟ್ಟಗಾಗುತ್ತದೆ. ಕಳ್ಳಸರಕು ಬಿಸಿಲಿಗೆ ಒಣಗಿದ ಹುಣಸೆಬರಲಿನ ಹಾಗೆ ಸೆಟೆಯುತ್ತದೆ. ಒಳ್ಳೆಯದರ ಮೇಲಿನ ಅಕ್ಷರ ಎಂಜಲು ಹಚ್ಚಿ ತಿಕ್ಕಿದರೂ ಹೋಗದು. ತುದಿಯ ಟೊಪ್ಪಿ ಪ್ಲಗ್ಗನ್ನು ಕಚ್ಚಿ ಹಿಡಿಯಬೇಕು, ಸಡಿಲವಿದ್ದರೆ ಅಲ್ಲಿಂದಲೇ ನೀರು ನುಗ್ಗುತ್ತದೆ. ಇಷ್ಟು ಮೊದಲೇ ಕಲಿತಿದ್ದರೆ ತಂಗಿಯ ಮನೆಯ ಗೋಡೆಯ ಮೇಲೆ ಬೇರೆ ಪಟ ಇರುತ್ತಿತ್ತು.

ಕಾದ. ಈ ಆನಿಯಲ್ಲಿ ಮುತ್ತುಸೆಲ್ವಿಯ ಮಗಳಿಗೆ ಕಿವಿ ಚುಚ್ಚುವುದೆಂದು ಗೊತ್ತಾಯಿತು. "ಈ ಸಲವೂ ನೀ ಬರ್ದಿದ್ರೆ ನಂಗೆ ಅಣ್ಣಾನೇ ಇಲ್ಲ ಅಂದ್ಕೋತೀನಿ" ಎಂದಳು ತಂಗಿ. ಮುತ್ತುಸಾಮಿ ಫೋನಿಟ್ಟು, ನೇರವಾಗಿ ಮಣಿಕಂಡನ್‌ಗೇ ಹಚ್ಚಿದ. "ತಂಬೀ, ಒಂದು ಸೆಟ್ ವಯರು ಕಳ್ಸಪ್ಪಾ. ಈ ಸಲ ಒರಿಜಿನಲ್ಲೇ ಇರ್ಲಿ" ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಮತ್ತೆ ಕಳ್ಳಸರಕೇ ಬಂದರೆ ಅದನ್ನು ಸೀರಿನ ತಟ್ಟೆಯಲ್ಲಿಟ್ಟು, ವೀಳ್ಯದೆಲೆಯ ಜೊತೆ ಇಡೀ ನೆಂಟರೆದುರು ಅವನ ಕೈಗೇ ಕೊಡುವುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದ.

ಆದರೆ ದೇವರು ಇದಕ್ಕಿಂತ ಚೆಂದದ ದಾರಿ ತೋರಿಸಿದ. ಕೆಂಪು ಕಾರೂ ಸರ್ವಿಸಿಗೆಂದು ಪಾಂಡಿಯ ಶೆಡ್ಡಿಗೇ ಬಂದಿತ್ತು. ಮಣಿಕಂಡನ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಎರಡು ಡಬ್ಬಿ ಕಳಿಸಿದ. ತೇನಿ ಬಸ್‌ಸ್ಟ್ಯಾಂಡಿನಲ್ಲಿ ಅವನ್ನು ಇಳಿಸಿಕೊಂಡವನು ಮುತ್ತುಸಾಮಿಯೇ. ಎರಡೂ ಡಬ್ಬಿಯ ಮೇಲೆ ಒಂದೇ ಹೆಸರು, ಒಂದೇ ಚಿತ್ರ. ಒಂದಕ್ಕೆ ಮಾತ್ರ ಕೆಂಪು ದಾರ ಸುತ್ತಿ ಗಂಟು ಹಾಕಿತ್ತು. ಅಷ್ಟರಲ್ಲಿ ಫೋನು ಬಂತು.

"ಅಣ್ಣೇ, ದಾರ ಕಟ್ಟಿರೋದು ನಮ್ಮ ಕಾರಿಗೆ. ಸುಮ್ನೆ ಇರೋದು ನಿಂಗೆ. ಪಾಂಡಿಗೆ ಹೇಳ್ಬಿಡು."

"ಎರಡೂ ಒಂದೇ ತಾನೇ ತಂಬೀ?"

"ಒಂದೇ, ಒಂದೇ! ಸುಮ್ಮಾ ಒಂದು ಗುರ್ತು."

ಒಂದೇ ಆದರೆ ಗುರುತು ಯಾಕೆ? ಮುತ್ತುಸಾಮಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎರಡನ್ನೂ ಬಿಚ್ಚಿದ. ಮಡಿಸಿದ, ತಿಕ್ಕಿದ, ಟೊಪ್ಪಿಯೊಳಗೆ ಬೆರಳಿಟ್ಟು ನೋಡಿದ. ತನ್ನ ಡಬ್ಬಿಯದರ ಅಕ್ಷರ ಹೆಬ್ಬೆರಳಿಗೆ ಕರ್ರಗೆ ಅಂಟಿತು. ದಾರದ ಡಬ್ಬಿಯದು ಹಾವಿನ ಮರಿಯಂತೆ ಬಳುಕಿ ನೆಟ್ಟಗಾಯಿತು. ಅಡ ಪಾವಿ! ಊರಿಗೆಲ್ಲ ವಿಷ, ಮನೆಗೆ ಮಾತ್ರ ಪಾಯಸ. ಕೋಪಕ್ಕೆ ಬದಲು ಮುತ್ತುಸಾಮಿಗೆ ಹಾಡು ಹೇಳುವಷ್ಟು ಖುಷಿಯಾಯಿತು. ವಯರುಗಳನ್ನು ಅವವುಗಳ ಡಬ್ಬಿಗೇ ಹಾಕಿ, ಕೆಂಪು ದಾರವನ್ನು ಮಾತ್ರ ಈ ಡಬ್ಬಿಯಿಂದ ಆ ಡಬ್ಬಿಗೆ ಕಟ್ಟಿದ. ಶೆಡ್ಡಿಗೆ ಹೋಗಿ, ದಾರ ಕಟ್ಟಿದ್ದು ಕೆಂಪು ಕಾರಿಗೆ, ಇನ್ನೊಂದು ನನ್ನದಕ್ಕೆ ಎಂದ. ಪಾಂಡಿ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಗಂಟು ಬಿಚ್ಚುವ ತಾಳ್ಮೆ ಇಲ್ಲದೆ ದಾರವನ್ನು ಬ್ಲೇಡಿನಲ್ಲಿ ಕೊಯ್ದು, ವಯರು ಹಾಕಿ, ಕಳಚಿದ ಹಳೆಯದನ್ನು ಆ ಡಬ್ಬಿಗೇ ತುರುಕಿ, ದಾರದ ಸಮೇತ ಕೆಂಪು ಕಾರಿನೊಳಗಿಟ್ಟ.

ಕಾರ್ಯದ ದಿನ ಬೆಳಿಗ್ಗೆ ತೇನಿಯಲ್ಲಿ ಬಿಸಿಲು. ಹೆಂಗಸರೆಲ್ಲ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು, ಮುತ್ತುಸಾಮಿ ಒಬ್ಬನೇ. ಚಿನ್ನಮನೂರು ದಾಟುವಾಗ ಬೆಟ್ಟದ ತಲೆ ಮರೆಯಾಗಿದ್ದು ಕಂಡು ಅವನ ಎದೆ ಹಿಗ್ಗಿತು. ಬೀಳು ಸಾರಲೇ, ಬೀಳು ಎಂದು ಬೇಡಿಕೊಂಡ. ಬಿತ್ತು. ಬಿಳಿ ಮಾರುತಿ ಒಂದು ಸಲವೂ ಕೆಮ್ಮಲಿಲ್ಲ. ಉತ್ತಮಪಾಳ್ಯ ದಾಟಿ ಕೊಂಬೈ ರಸ್ತೆಯ ಹುಣಸೆಮರದ ಹತ್ತಿರ ಕೆಂಪು ಕಾರು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಮಣಿಕಂಡನ್ ಅದರೊಳಗೆ ತಲೆ ತುರುಕಿದ್ದ. ಮುತ್ತುಸಾಮಿ ಗಾಜು ಇಳಿಸಿದ. ಇಷ್ಟು ದಿನ ಬಾಯಲ್ಲಿಟ್ಟುಕೊಂಡು ಕಾದಿದ್ದ ಆ ಮಾತು ನಾಲಗೆಯ ತುದಿಗೆ ಬಂತು.

ಆಗ ಮರದ ಕೆಳಗೆ ಚಿನ್ನಮ್ಮಾಳ್ ಕಂಡಳು. ಮಣಿಕಂಡನ್ ತಾಯಿ, ಮುತ್ತುಸಾಮಿಯ ಚಿಕ್ಕಮ್ಮ. ಹೆತ್ತ ತಾಯಿ ಹೋದ ಮೇಲೆ ಅವನಿಗೂ ತಂಗಿಗೂ ಕೈತುತ್ತು ಹಾಕಿದವಳು. ಅವಳೂ ಬಸ್ಸಿನಲ್ಲೇ ಹೋಗಿದ್ದಾಳೆಂದು ಅವನು ತಿಳಿದಿದ್ದ. ಸೆರಗನ್ನು ತಲೆಯ ಮೇಲೆಳೆದುಕೊಂಡು, ಸೀರಿನ ತಟ್ಟೆ ನೆನೆಯದಂತೆ ಮೈಯನ್ನೇ ಬಗ್ಗಿಸಿ ಮುಚ್ಚಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಮುತ್ತುಸಾಮಿಯ ಕಾಲು ಬ್ರೇಕನ್ನು ತಾನಾಗಿಯೇ ಒತ್ತಿತು.

"ಮಂಡಿ ನೋವು ಕಣಪ್ಪಾ, ಬಸ್ ಹತ್ತಕ್ಕಾಗ್ಲಿಲ್ಲ" ಎಂದಳು ಚಿಕ್ಕಮ್ಮ. ಅವನು ಅವಳನ್ನು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ತಟ್ಟೆಯನ್ನು ಹಿಂದಿಟ್ಟ. ಮಣಿಕಂಡನ್ ಹಿಂದಿನ ಬಾಗಿಲಿಗೆ ಕೈ ಹಾಕಿದ. ಮುತ್ತುಸಾಮಿ ತನ್ನ ಸೀಟಿನಿಂದಲೇ ಕೈ ಚಾಚಿ ಅದನ್ನು ಒಳಗಿನಿಂದ ಲಾಕ್ ಮಾಡಿದ.

"ಕಾರಿಗೆ ಏನಾಯ್ತು ತಂಬೀ? ಹೊಸ ವಯರಲ್ವಾ ಹಾಕ್ಸಿದ್ದು, ಒರಿಜಿನಲ್ಲು?"

"ಅಣ್ಣೇ, ಆ ವಯರು..." ಎಂದ ಮಣಿಕಂಡನ್ ತಾಯಿಯ ಮುಖ ನೋಡಿ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ. ಡಬ್ಬಿ ಅದಲುಬದಲಾಗಿದೆ ಎನ್ನಬೇಕಾದರೆ ಅಣ್ಣನಿಗೆ ಕಳ್ಳಸರಕು ಕಳಿಸಿದ್ದೆ ಎನ್ನಬೇಕು. ಕಳ್ಳನಿಗೆ ಚೇಳು ಕುಟುಕಿದರೆ ಅವನು ಕೂಗಲಾರ. ಆ ಮುಖ ನೋಡುವುದಕ್ಕೇ ಮುತ್ತುಸಾಮಿ ಇಷ್ಟು ದಿನ ಬದುಕಿದ್ದ.

"ಕಾರನ್ನ ಹಿಂಗೇ ಬಿಟ್ಟು ಬರಕ್ಕಾಗ್ತದಾ? ನೀ ಬಾ ತಂಬೀ, ನಾ ಮುಂದೆ ಹೋಗಿ ಹೇಳ್ತೀನಿ" ಎಂದು ಕೈ ಬೀಸಿದ. ದಾರಿಯುದ್ದಕ್ಕೂ ಚಿಕ್ಕಮ್ಮ ಮಡಿಲಲ್ಲಿ ಏನನ್ನೋ ಬೆರಳಲ್ಲಿ ತಿರುಗಿಸುತ್ತಿದ್ದಳು. ಅವನು ಅದನ್ನು ಗಮನಿಸಲೂ ಇಲ್ಲ.

ಗುಡಿಯ ಬಾಗಿಲಲ್ಲೇ ನಿಂತಿದ್ದ ತಂಗಿ ಅವನನ್ನು ಕಂಡು ಅತ್ತೇಬಿಟ್ಟಳು. ಸೋದರಸೊಸೆ ಅವನ ಮಡಿಲಲ್ಲಿ ಕೂತಳು, ಸೂಜಿ ತಗುಲಿದಾಗ ಅವನ ಮೀಸೆ ಹಿಡಿದು ಕಿರುಚಿದಳು. ಹೆಗಲಿಗೆ ಟವಲು ಬಿತ್ತು, ಪಟ ತೆಗೆದರು. ಮಣಿಕಂಡನ್ ಬಾಳೆಗೊನೆಯ ಲಾರಿಯಿಂದ ಇಳಿದು ಬರುವಾಗ ಜನ ಊಟಕ್ಕೆ ಕೂತಾಗಿತ್ತು. "ಕಾರೋ ಕೈಯೋ ತಂಬೀ?" ಎಂದು ಮುತ್ತುಸಾಮಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಅಂದು ನಕ್ಕವರೇ ಇಂದೂ ನಕ್ಕರು. ಮುತ್ತುಸಾಮಿಗೆ ಹೊಟ್ಟೆ ತುಂಬಿತು.

ಚಿಕ್ಕಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಅವನನ್ನು ಹತ್ತಿರ ಕರೆದು ಮಡಿಲಿನಿಂದ ಒಂದು ತುಂಡು ಕೆಂಪು ದಾರ ತೆಗೆದಳು. ಕೊಯ್ದಿತ್ತು, ಗಂಟು ಹಾಗೇ ಇತ್ತು.

"ಕಾರು ನಿಂತಾಗ ಡಬ್ಬಿ ಕಾಲ ಹತ್ರ ಬಿದ್ದಿತ್ತು. 'ನಮ್ಮದಕ್ಕೆ ಒಂದು ದಾರ ಕಟ್ಟವ್ವಾ' ಅಂತ ಅವ್ನು ಕೇಳ್ದಾಗ ಕಟ್ಟಿದೋಳು ನಾನೇ. ನಾ ಕಟ್ಟಿದ್ದು ಮಲ್ಲಿಗೆ ಹೂ ಕಟ್ಟೋ ಗಂಟು. ಇದು ಹಸುವಿನ ಕರು ಕಟ್ಟೋ ಗಂಟು. ಅದನ್ನ ನಿಂಗೆ ಕಲ್ಸಿದೋಳೂ ನಾನೇ."

ಮುತ್ತುಸಾಮಿ ಗಂಟನ್ನು ಹೆಬ್ಬೆರಳಲ್ಲಿ ತಿರುಗಿಸಿ ನೋಡಿದ.

"ನನ್ನ ಮಗ ಕಳ್ಳ, ಇವತ್ತು ಗೊತ್ತಾಯ್ತು. ಅವ್ನಿಗೆ ಆಗ್ಬೇಕಾದ್ದೇ ಆಯ್ತು, ಬಿಡು" ಎಂದಳು. "ಆದ್ರೆ ಇನ್ನೊಂದು ಸಲ ಗಂಟು ಹಾಕೋ ಮುಂಚೆ ಆ ಕಾರಲ್ಲಿ ಯಾರ್‍ಯಾರು ಕೂರ್ತಾರೆ ಅಂತ ಒಸಿ ಯೋಚ್ನೆ ಮಾಡಪ್ಪಾ."

ಅವಳ ಸೆರಗು ಇನ್ನೂ ಒದ್ದೆ, ಮೈ ಸಣ್ಣಗೆ ನಡುಗುತ್ತಿತ್ತು. ಮುತ್ತುಸಾಮಿ ಹೆಗಲ ಮೇಲಿನ ಹೊಸ ಟವಲು ತೆಗೆದು ಅವಳ ತಲೆ ಒರೆಸಲು ಹೋದ.

"ಬೇಡಪ್ಪಾ" ಎಂದು ಚಿಕ್ಕಮ್ಮ ಅವನ ಕೈ ಸರಿಸಿದಳು. "ಅದು ನೀ ಅಷ್ಟು ಕಷ್ಟಪಟ್ಟು ಗಳ್ಸಿರೋದು. ನೀನೇ ಹಾಕ್ಕೊ."