ಏಳು ಸೆಕೆಂಡಿನ ದೂರ

ಬಲಗಾಲಿನ ಕಿರುಬೆರಳಿಗೆ ಬರುವಷ್ಟರಲ್ಲಿ ನಿಲ್ದಾಣ ಹತ್ತಿರವಾಗಿಬಿಟ್ಟಿತು. ಅವನು ಉಗುರುಕತ್ತರಿಯನ್ನು ಕಂಪ್ಯೂಟರಿನ ಪಕ್ಕಕ್ಕಿಟ್ಟು, ತಾಯಿಯ ಪಾದವನ್ನು ತನ್ನ ಮೊಣಕಾಲಿನಿಂದ ಮೆಲ್ಲಗೆ ಇಳಿಸಿದ.

"ಸಾಕಮ್ಮ. ಬಂತು."

"ಒಂದು ಬೆರಳು ಉಳೀತಲ್ಲೋ."

"ಮುಂದಿನ ಸಲ."

"ಎಡಗಾಲು ಪೂರ್ತಿ ಹಾಗೇ ಇದೆ. ನಿನ್ನ ಗಾಡಿ ಯಾವತ್ತೂ ಒಂದು ಕಾಲಿಗೇ ಬಂದು ನಿಂತುಬಿಡುತ್ತೆ," ಎಂದು ಗೊಣಗುತ್ತ ಆಕೆ ಚಪ್ಪಲಿಗಾಗಿ ತಡಕಾಡಿದಳು. ಕೋಪವೇನಿರಲಿಲ್ಲ. ಬಸ್ಸಿಗೆ ಕಾದು ಕಾದು ಅಭ್ಯಾಸವಾದವರು ಬಸ್ಸನ್ನು ಬಯ್ಯುವ ಧಾಟಿ ಅದು.

ಗಾಡಿ ಎಂದರೆ ಹಡಗು. ಕಂಪ್ಯೂಟರ್ ಆಟದೊಳಗಿನ ಸರಕಿನ ಹಡಗು. ಒಂದು ಸೂರ್ಯನ ಸುತ್ತ ಹನ್ನೆರಡು ಗ್ರಹಗಳು, ಗ್ರಹಗಳ ಸುತ್ತ ನಿಲ್ದಾಣಗಳು. ಇಲ್ಲಿಂದ ಸರಕು ತುಂಬಿಕೊಂಡು ಅಲ್ಲಿಗೆ ಹೋಗಬೇಕು. ನಡುವಿನ ಕೋಟಿಗಟ್ಟಲೆ ಕಿಲೋಮೀಟರುಗಳನ್ನು ಹಡಗು ಬೆಳಕಿಗಿಂತ ಜೋರಾಗಿ ಓಡಿ ಮುಗಿಸುತ್ತದೆ. ಆಡುವವರು ಅದಕ್ಕೆ ಓಟ ಎನ್ನುತ್ತಾರೆ. ಓಟದಲ್ಲಿ ಮಾಡಲು ಕೆಲಸವೇ ಇಲ್ಲ. ಕಪ್ಪು ಪರದೆ, ಹಿಂದಕ್ಕೆ ಹರಿಯುವ ಬಿಳಿಯ ಗೆರೆಗಳು, ಕೆಳಗೆ ಎರಡು ಅಂಕಿಗಳು: ಉಳಿದ ದೂರ, ಉಳಿದ ಹೊತ್ತು.

ಈ ಮನೆಯಲ್ಲಿ ಮಾತುಕತೆ ನಡೆಯುತ್ತಿದ್ದುದು ಓಟದ ಹೊತ್ತಿನಲ್ಲಿ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಹಡಗು ನಿಲ್ದಾಣದೊಳಗೆ ನುಗ್ಗುವಾಗಲೋ, ಯಾರೋ ಅಟ್ಟಿಸಿಕೊಂಡು ಬಂದಾಗಲೋ ಏನಾದರೂ ಕೇಳಿದರೆ "ಆಮೇಲೆ" ಎಂಬ ಉತ್ತರ ಬರುತ್ತಿತ್ತು. ಆ ಆಮೇಲೆ ಯಾವಾಗ ಬರುತ್ತದೆಂದು ಮನೆಯವರು ನಿಧಾನವಾಗಿ ಕಂಡುಕೊಂಡರು. ತಾಯಿಯ ಕಣ್ಣಿನ ಆಪರೇಷನ್, ಗೋಡೆಯ ಬಣ್ಣ, ಮಕ್ಕಳು ಬೇಡವೆಂಬ ತೀರ್ಮಾನ, ಎಲ್ಲವೂ ಹತ್ತು ಹನ್ನೆರಡು ನಿಮಿಷಗಳಲ್ಲಿ ಮುಗಿದಿದ್ದವು. ತನ್ನ ತಂದೆ ತೀರಿಕೊಂಡ ಸುದ್ದಿಯನ್ನೂ ಹೆಂಡತಿ ಬಾಗಿಲಲ್ಲಿ ನಿಂತು, ಹಡಗು ಓಟಕ್ಕೆ ಬೀಳುವವರೆಗೆ ಕಾದು, ಆಮೇಲೆ ಹೇಳಿದ್ದಳು. ಅವಳ ತಾಳ್ಮೆಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಅವಳು ರಕ್ತನಿಧಿಯಲ್ಲಿ ಟೆಕ್ನಿಷಿಯನ್. ರಕ್ತವನ್ನು ಬೇರ್ಪಡಿಸುವ ಯಂತ್ರ ತಿರುಗಿ ನಿಲ್ಲುವವರೆಗೆ ಕೈಕಟ್ಟಿ ನಿಲ್ಲುವುದು ಅವಳಿಗೆ ಕೆಲಸದಲ್ಲೇ ರೂಢಿಯಾಗಿತ್ತು.

ಅವನ ಕೆಲಸವೂ ಹೊತ್ತಿನದೇ. ಅಂಕಿಅಂಶ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ನಗರದ ಬಸ್ಸುಗಳ ವೇಳಾಪಟ್ಟಿ ಬರೆಯುವ ವಿಭಾಗ ಸೇರಿ ಹದಿನಾರು ವರ್ಷವಾಗಿತ್ತು. ಹೋದ ತಿಂಗಳು ಪ್ರತಿ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಹೊತ್ತನ್ನು ಮೂವತ್ತು ಸೆಕೆಂಡಿನಿಂದ ಇಪ್ಪತ್ತಕ್ಕೆ ಇಳಿಸಿದ್ದ. ಒಬ್ಬ ಕಂಡಕ್ಟರ್ ಟೋಪಿ ಕೈಯಲ್ಲಿ ಹಿಡಿದು ಅವನ ಮೇಜಿನವರೆಗೂ ಬಂದಿದ್ದ.

"ಸಾರ್, ಮುದುಕರು ಇಳಿಯೋಕೆ ಇಪ್ಪತ್ತು ಸೆಕೆಂಡು ಸಾಲಲ್ಲ."

"ಸರಾಸರಿ ಹದಿನೇಳು ಬಂದಿದೆ."

"ಆ ಸರಾಸರಿ ಮುದುಕರು ನನ್ನ ಬಸ್ಸಿಗೆ ಹತ್ತಲ್ಲ ಸಾರ್."

ಅವನು ನಕ್ಕಿದ್ದ. ಹಾಳೆ ಬದಲಾಗಲಿಲ್ಲ. ರದ್ದಾದ ಹಳೆಯ ಹಾಳೆಗಳನ್ನು ಮನೆಗೆ ತಂದಿದ್ದ. ಈಗ ತಾಯಿಯ ಉಗುರು ಬೀಳುತ್ತಿದ್ದುದು ಅವುಗಳ ಮೇಲೆ.

ಅಂದು ವಾರದ ರಜೆ. ಹನ್ನೊಂದೂ ಮುಕ್ಕಾಲಾಗಲು ಹತ್ತು ನಿಮಿಷವಿದ್ದಾಗ ಹಡಗು ಮತ್ತೆ ನಿಲ್ದಾಣ ಬಿಟ್ಟು ಓಟಕ್ಕೆ ಬಿತ್ತು. ಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದನ್ನು ಅವನು ಪರದೆಯ ಕಪ್ಪಿನಲ್ಲಿ ಕಂಡ. ಅವಳ ಕೈಯಲ್ಲಿ ಫೋನಿತ್ತು.

"ಎಷ್ಟಿದೆ?"

"ಹದಿನಾಲ್ಕು ನಿಮಿಷ."

"ಸಾಕು." ಅವಳು ಒಳಗೆ ಬಂದು ಮಂಚದ ಅಂಚಿನಲ್ಲಿ ಕುಳಿತಳು. "ಹನ್ನೆರಡರೊಳಗೆ ಫೋನ್ ಮಾಡಿ ಹೇಳ್ಬೇಕು."

ಯಾವುದರ ಬಗ್ಗೆ ಎಂದು ಅವನು ಕೇಳಲಿಲ್ಲ. ಏಳು ಗಂಟೆಯ ದಾರಿಯಾಚೆ ಇನ್ನೊಂದು ಊರಿನಲ್ಲಿ ಹೊಸ ರಕ್ತನಿಧಿ. ಅದರ ಮುಖ್ಯಸ್ಥೆಯ ಕೆಲಸ, ಇರಲು ಮನೆ. ಕಾಗದ ಬಂದು ಒಂಬತ್ತು ದಿನವಾಗಿತ್ತು. ಒಂಬತ್ತು ದಿನಗಳಿಂದ ಅವನು ದೂರದ ನಿಲ್ದಾಣಗಳ ಸರಕು ಬಿಟ್ಟು ಹತ್ತಿರದವನ್ನೇ ಆರಿಸಿಕೊಳ್ಳುತ್ತಿದ್ದ. ಎರಡು ನಿಮಿಷದ ಓಟ, ಮೂರು ನಿಮಿಷದ ಓಟ. ಇವತ್ತು ಹತ್ತಿರದ ಸರಕು ಮುಗಿದಿತ್ತು.

"ನಿಂಗೆ ಏನನ್ಸುತ್ತೆ?" ಎಂದ.

"ನಂಗೆ ಅನ್ಸೋದು ನಂಗೆ ಗೊತ್ತು. ನಿಮಗೆ ಏನನ್ಸುತ್ತೆ ಅಂತ ಕೇಳ್ತಿದೀನಿ."

"ಒಳ್ಳೆ ಅವಕಾಶ."

"ಅದನ್ನ ಕಾಗದದಲ್ಲೇ ಬರ್ದಿದಾರೆ."

ಅವನು ಕಿವಿಯ ಮೇಲಿನ ಹೆಡ್‌ಫೋನ್ ಸರಿಪಡಿಸಿಕೊಂಡ. ಒಂದು ಕಿವಿ ಮಾತ್ರ ಮುಚ್ಚಿಕೊಳ್ಳುವುದು ಅವನ ಪದ್ಧತಿ. ಮುಚ್ಚಿದ ಕಿವಿಯಲ್ಲಿ ಹಲ್ಲಿನ ಡಾಕ್ಟರು ಏನೋ ಗುನುಗುತ್ತಿದ್ದರು. ಮುಖ ನೋಡಿಲ್ಲದ ಆ ಡಾಕ್ಟರು ಐದು ವರ್ಷದಿಂದ ಆಟದಲ್ಲಿ ಅವನ ಜೊತೆಗಾರರು, ಇನ್ನೊಂದು ಹಡಗಿನವರು. ಈಗಾಗಲೇ ಮುಂದಿನ ನಿಲ್ದಾಣ ಸೇರಿ ಇವನಿಗಾಗಿ ಕಾಯುತ್ತಿದ್ದರು.

"ಹೋದ್ರೆ ನಾನೊಬ್ಬಳೇ ಹೋಗ್ಬೇಕಾಗುತ್ತೆ," ಅವಳು ಹೇಳಿದಳು. "ನಿಮ್ಮ ಕೆಲಸ ಇಲ್ಲಿದೆ. ಅತ್ತೆ ಬರಲ್ಲ. ತಿಂಗಳಿಗೊಂದ್ಸಲ ಬರಬಹುದು. ಆಮೇಲಾಮೇಲೆ ಅದೂ ಕಡಿಮೆಯಾಗುತ್ತೆ. ಅಲ್ವಾ?"

"ಹಾಗೇನಿಲ್ಲ."

"ಇದೆ." ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. "ನೋಡಿ, ನಾನು ಒಂದೇ ಸಲ ಕೇಳೋದು. ನೀವು ಬೇಡ ಅಂದ್ರೆ ನಾನು ಹೋಗಲ್ಲ. ಕಾರಣ ಕೂಡ ಕೇಳಲ್ಲ."

ಬೇಡ. ಹೇಳಲು ಅರ್ಧ ಸೆಕೆಂಡು ಸಾಕು. ಅವನು ಅದನ್ನು ಬಾಯೊಳಗೆ ಇಟ್ಟುಕೊಂಡು ನೋಡಿದ. ಹೇಳಿದರೆ ಅದರ ಹಿಂದೆಯೇ ಇನ್ನೇನಾದರೂ ಬರಬೇಕು. ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನಬಹುದಿತ್ತು. ಅದು ಕಾರಣವಲ್ಲವೆಂದು ಅವಳಿಗೆ ತಕ್ಷಣ ತಿಳಿಯುತ್ತಿತ್ತು. ನಿಜವಾದ ಕಾರಣ ಯಾವುದೆಂದು ಹುಡುಕಿದ. ಪರದೆಯ ಕಪ್ಪಿನಲ್ಲಿ ಪ್ರತಿ ದಿನ ಒಂದು ಆಕೃತಿ ಬಂದು ನಿಂತು "ಎಷ್ಟಿದೆ?" ಎಂದು ಕೇಳುತ್ತದೆ. ಅದು ಬರದ ದಿನವನ್ನು ಊಹಿಸಿಕೊಂಡ. ಆದರೆ ಇದನ್ನು ಒಬ್ಬ ಹೆಂಗಸಿಗೆ ಕಾರಣವೆಂದು ಹೇಳುವುದು ಹೇಗೆ?

ಎಂಟು ನಿಮಿಷ. ಆರು. ಅವಳು ಅವನನ್ನು ಬಿಟ್ಟು ಅಂಕಿಯನ್ನು ನೋಡುತ್ತಿದ್ದಳು.

"ಅಲ್ಲಿ ಸೆಖೆ ಜಾಸ್ತಿ ಅಂತಾರೆ," ಎಂದ ಅವನು, ಮೂರು ನಿಮಿಷ ಉಳಿದಾಗ.

"ಹೂಂ. ಅಂತಾರೆ."

ನಿಲ್ದಾಣ ಒಂದು ಚುಕ್ಕೆಯಾಗಿ ಕಾಣಿಸಿತು. ಓಟದ ಕೊನೆಯಲ್ಲಿ ಒಂದೇ ಒಂದು ಕೆಲಸವಿರುತ್ತದೆ. ಉಳಿದ ಹೊತ್ತು ಏಳು ಸೆಕೆಂಡು ಎಂದು ತೋರಿಸಿದ ಕೂಡಲೇ ವೇಗದ ಹಿಡಿಯನ್ನು ಹಿಂದಕ್ಕೆಳೆದು ಆ ಏಳನ್ನು ಹಿಡಿದು ನಿಲ್ಲಿಸಬೇಕು. ದೂರ ಕರಗುತ್ತದೆ, ವೇಗವೂ ಕರಗುತ್ತದೆ, ಏಳು ಮಾತ್ರ ಏಳಾಗಿಯೇ ಇರುತ್ತದೆ. ಹಾಗಿದ್ದರೆ ಹಡಗು ಕೊನೆಗೆ ನಿಲ್ದಾಣದ ಬಾಗಿಲಲ್ಲಿ ನಿಲ್ಲುತ್ತದೆ. ಆರಕ್ಕೆ ಇಳಿಯಿತೋ, ಕೆಟ್ಟಿತು. ಆ ವೇಗ ಮತ್ತೆ ಕೈಗೆ ಸಿಗುವುದಿಲ್ಲ. ಹಡಗು ನಿಲ್ದಾಣವನ್ನು ದಾಟಿ ಎಲ್ಲೋ ಹೋಗಿ, ಸುತ್ತು ಹಾಕಿ, ಹಿಂದಿರುಗಿ ಬರಬೇಕು. ಅದಕ್ಕೆ ಡಾಕ್ಟರು ಪ್ರದಕ್ಷಿಣೆ ಎಂದು ಹೆಸರಿಟ್ಟಿದ್ದರು. ಹೊಸಬರು ಪ್ರದಕ್ಷಿಣೆ ಹಾಕಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಐದು ವರ್ಷಗಳಲ್ಲಿ ಅವನು ಒಮ್ಮೆಯೂ ಹಾಕಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು.

"ಏಳು ಬಂತು," ಎಂದಳು. "ಹಿಡೀರಿ."

ಅವನ ಕೈ ಹಿಡಿಯ ಮೇಲಿತ್ತು. ಎಳೆದರೆ ನಿಲ್ದಾಣ. ನಿಲ್ದಾಣ ಬಂದರೆ ಅವಳು ಏಳುತ್ತಾಳೆ, ಯಾಕೆಂದರೆ ನಿಲ್ದಾಣದಲ್ಲಿ ಮಾತಿಲ್ಲ. ದಾಟಿಹೋದರೆ ಸುತ್ತು ಬರಲು ಇನ್ನೂ ಐದಾರು ನಿಮಿಷ.

ಅವನು ಎಳೆಯಲಿಲ್ಲ.

ಆರು, ನಾಲ್ಕು, ಎರಡು. ನಿಲ್ದಾಣ ದೀಪಗಳ ಸಮೇತ ಒಮ್ಮೆ ಇಡೀ ಪರದೆಯನ್ನು ತುಂಬಿ ಮಾಯವಾಯಿತು.

"ಅಯ್ಯಯ್ಯೋ!" ಮುಚ್ಚಿದ ಕಿವಿಯಲ್ಲಿ ಡಾಕ್ಟರು ಕೂಗಿದರು. "ಪ್ರದಕ್ಷಿಣೆ! ಸಾರ್, ನೀವಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ನೋಡಿ ಸ್ವಲ್ಪ!"

ಅವನು ಹೆಡ್‌ಫೋನ್ ಕೆಳಗಿಳಿಸಿ, ಓಟದ ನಡುವೆ ಬಹುಶಃ ಮೊದಲ ಸಲ, ಕುರ್ಚಿಯನ್ನು ಪೂರ್ತಿ ತಿರುಗಿಸಿ ಕುಳಿತ.

ಹೆಂಡತಿ ಆಗಲೇ ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು. ಪ್ರಯೋಗಾಲಯದಲ್ಲಿ ಕೈ ತಗುಲಿ ಏನನ್ನೋ ಒಡೆದವಳಂತೆ ನಿಂತಿದ್ದಳು.

"ನನ್ನ ಮಾತಿಂದ ತಪ್ಪೋಯ್ತು ಅಲ್ವಾ?"

"ಇಲ್ಲ, ಅದು..."

"ಐದು ವರ್ಷದಿಂದ ಒಂದ್ಸಲನೂ ತಪ್ಪಿರಲಿಲ್ಲ. ಇವತ್ತು ನಾನು ಬಂದು ಕೂತೆ." ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಇರಲಿ. ಇನ್ನು ಅಡ್ಡ ಬರಲ್ಲ ಬಿಡಿ."

ನಿನಗಾಗಿಯೇ ದಾಟಿಸಿದೆ ಎನ್ನಬೇಕಾಗಿತ್ತು. ಹೇಳಲು ಹೊರಟಾಗ ಒಂದು ಅನುಮಾನ ಕಾಡಿತು. ಅವಳಿಗೆ ಇನ್ನೂ ಐದು ನಿಮಿಷ ಕೊಡಲು ದಾಟಿಸಿದೆನೋ, ಉತ್ತರವನ್ನು ಐದು ನಿಮಿಷ ಮುಂದಕ್ಕೆ ಹಾಕಲೋ? ಲೆಕ್ಕದ ಮನುಷ್ಯ. ಖಚಿತವಿಲ್ಲದ್ದನ್ನು ಹೇಳಿ ಅಭ್ಯಾಸವಿರಲಿಲ್ಲ.

"ಪರವಾಗಿಲ್ಲ," ಎಂದ.

ಅವಳು ತಲೆಯಾಡಿಸಿದಳು. ಅದನ್ನೇ ಉತ್ತರವೆಂದು ತೆಗೆದುಕೊಂಡಳು.

ಅಡುಗೆಮನೆಯಿಂದ ಅವಳ ದನಿ ಕೇಳಿಸಿತು. ಆಫೀಸಿನ ದನಿ. "ನಮಸ್ಕಾರ ಸರ್... ಹೌದು... ಬರ್ತೀನಿ... ಇಲ್ಲ ಸರ್, ಒಬ್ಬಳೇ." ಆಮೇಲೆ ಅರ್ಧಕ್ಕೆ ನಿಂತಿದ್ದ ತರಕಾರಿ ಹೆಚ್ಚುವ ಸದ್ದು ನಿಂತಲ್ಲಿಂದಲೇ ಮುಂದುವರಿಯಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಆರು ನಿಮಿಷವಿತ್ತು.

ಅವನು ಪರದೆಯ ಕಡೆ ತಿರುಗಿದ. ಹಡಗು ಎಲ್ಲೆಲ್ಲಿಗೋ ಓಡಿಹೋಗಿತ್ತು. ಅದರ ಮೂತಿಯನ್ನು ಮತ್ತೆ ನಿಲ್ದಾಣದ ಕಡೆಗೆ ತಿರುಗಿಸಿ, ವೇಗದ ಹಿಡಿಯನ್ನು ಕೊನೆಯವರೆಗೂ ಹಿಂದಕ್ಕೆಳೆದ. ಓಟಕ್ಕೆ ಬಿದ್ದ ಹಡಗನ್ನು ಪೂರ್ತಿ ನಿಲ್ಲಿಸಲು ಬರುವುದಿಲ್ಲ. ಹಿಡಿ ಸೊನ್ನೆಗೆ ಬಂದರೂ ಅದು ಸೆಕೆಂಡಿಗೆ ಮೂವತ್ತು ಕಿಲೋಮೀಟರಿನಂತೆ ತೆವಳುತ್ತಲೇ ಇರುತ್ತದೆ. ಬಿಳಿಯ ಗೆರೆಗಳು ಚುಕ್ಕೆಗಳಾಗಿ ನಿಂತವು.

ಬಾಗಿಲಲ್ಲಿ ತಾಯಿಯ ಚಪ್ಪಲಿ ಸಪ್ಪಳ.

"ಎಷ್ಟಿದೆಯೋ?"

ಅವನು ಅಂಕಿ ಓದಿದ. "ಹನ್ನೊಂದು ದಿನ, ಹದಿಮೂರು ಗಂಟೆ, ನಲವತ್ತಾರು ನಿಮಿಷ."

"ಹಾಗಾದ್ರೆ ಎಡಗಾಲೂ ಆಗುತ್ತೆ," ಎಂದು ಆಕೆ ನೆಮ್ಮದಿಯಿಂದ ಕುಳಿತು, ಪಾದವನ್ನು ಅವನ ಮೊಣಕಾಲಿನ ಮೇಲಿಟ್ಟಳು.

ಉಳಿದಿದ್ದ ಬಲಗಾಲಿನ ಕಿರುಬೆರಳೂ ಆಯಿತು, ಎಡಗಾಲಿನ ಐದೂ ಆಯಿತು. ಆತುರವಿರಲಿಲ್ಲ. ರದ್ದಾದ ವೇಳಾಪಟ್ಟಿಯ ಮೇಲೆ, ಮೂವತ್ತು ಸೆಕೆಂಡಿನ ಕಾಲಂನಲ್ಲಿ, ಹಳದಿ ಉಗುರುಗಳು ಸಣ್ಣ ಸಣ್ಣ ಚಂದ್ರರಂತೆ ಬಿದ್ದಿದ್ದವು. ತಲೆಯೆತ್ತಿದಾಗ ತಾಯಿ ನಿದ್ದೆಹೋಗಿದ್ದಳು. ಪಾದ ಇನ್ನೂ ಅವನ ಮೊಣಕಾಲಿನ ಮೇಲಿತ್ತು. ಎದ್ದರೆ ಎಚ್ಚರವಾಗುತ್ತದೆ. ವೇಗದ ಹಿಡಿ ಕೈ ಚಾಚಿದರೂ ಒಂದು ಗೇಣು ಆಚೆಗಿತ್ತು.

"ಎಲ್ಲಿದೀರಿ ಸಾರ್?" ಕೊರಳಿಗೆ ಜೋತುಬಿದ್ದ ಹೆಡ್‌ಫೋನಿನಿಂದ ಡಾಕ್ಟರ ಸಣ್ಣ ದನಿ. "ಕಾಯ್ತಾ ಇದೀನಿ."

"ಬರ್ತಾ ಇದೀನಿ," ಎಂದ ಅವನು.

ಎದುರಿಗೆ ನಿಲ್ದಾಣದ ಚುಕ್ಕೆ ಇದ್ದಷ್ಟೇ ಇತ್ತು. ನಿಮಿಷದ ಅಂಕಿಯಲ್ಲಿ ನಲವತ್ತಾರು ಹೋಗಿ ಇಪ್ಪತ್ತೆಂಟಾಗಿತ್ತು.