ಕರಡಿಗೆ ಹೆಸರಿಟ್ಟ ಮೈಕು

ನಾನು ಒಂದು ಮೈಕು. ಜನ ನನ್ನನ್ನು ಮಾತಾಡುವ ವಸ್ತು ಎಂದುಕೊಂಡಿದ್ದಾರೆ. ಅದು ತಪ್ಪು. ಮಾತಾಡುವುದು ಕಂಬಕ್ಕೆ ಕಟ್ಟಿದ ಹಾರ್ನು. ನಾನು ಬರೀ ಕಿವಿ. ಆದರೆ ಕೇಳಿದ್ದು ಯಾವುದೂ ನನ್ನೊಳಗೆ ನಿಲ್ಲುವುದಿಲ್ಲ.

ಹುಟ್ಟಿದ್ದು ಮುಂಬಯಿಯ ಗಲ್ಲಿಯೊಂದರ ಸಣ್ಣ ಕಾರ್ಖಾನೆಯಲ್ಲಿ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಒಂದು ಪೊರೆ, ಅದರ ಹಿಂದೆ ಕೂದಲೆಳೆಯಂಥ ತಂತಿಯ ಸುರುಳಿ, ಒಂದು ಅಯಸ್ಕಾಂತ, ಮೇಲೆ ಹೊಳೆಯುವ ಜಾಳಿಗೆ. ಇಷ್ಟೇ ನನ್ನ ಮೈ. ಬೆಟಗೇರಿಯಲ್ಲಿ ಸೌಂಡ್ ಸರ್ವಿಸ್ ಅಂಗಡಿ ಇಟ್ಟಿದ್ದ ತುಳಜಾಸಾ ನನ್ನನ್ನು ಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಆ ಬಟ್ಟೆ ಬಹಳ ದಿನ ಉಳಿಯಲಿಲ್ಲ. ಬಂದ ವರ್ಷವೇ ಮದುವೆಯೊಂದರಲ್ಲಿ ಬೀಗರ ಕಡೆಯವರು ನನ್ನನ್ನು ಎಳೆದಾಡಿ ಕೆಡವಿದರು. ಒಳಗಿನ ಬೆಸುಗೆ ಸಡಿಲವಾಯಿತು. ಅಂದಿನಿಂದ ಮಾತಿನ ನಡುವೆ ಫಕ್ಕನೆ ಮೂಕನಾಗುವ ಚಟ ನನಗೆ ಅಂಟಿತು. ನೆತ್ತಿಯ ಮೇಲೆ ಎರಡು ಬಾರಿ ತಟ್ಟಿದರೆ ಮತ್ತೆ ಬಾಯಿ ಬರುತ್ತಿತ್ತು.

ಮನುಷ್ಯರನ್ನು ನಾನು ಕೆಳಗಿನಿಂದಲೇ ನೋಡಿದವನು. ನನಗೆ ಕಾಣುವುದು ಗದ್ದ, ಮೀಸೆ, ಎಲೆ ಅಡಿಕೆಯ ಹಲ್ಲು. ಮುಖಕ್ಕಿಂತ ಉಸಿರಿನಿಂದಲೇ ಒಬ್ಬೊಬ್ಬರನ್ನೂ ಗುರುತಿಸುತ್ತಿದ್ದೆ. ಆ ಉಸಿರುಗಳಲ್ಲಿ ನನಗೆ ಅತ್ಯಂತ ಪರಿಚಯದ್ದು ಗದಿಗೆಪ್ಪ ಮಾಸ್ತರರದು.

ಗದಿಗೆಪ್ಪ ಮಾಸ್ತರರು ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಹಾಸ್ಯದ ಪಾತ್ರ ಮಾಡಿದವರು. ಕಂಪನಿ ಮುಚ್ಚಿತು. ಊರ ಹೊರಗೆ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿನವರು ಅವರನ್ನು ಕರೆದು, ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡದಲ್ಲಿ ಕಥೆ ಹೇಳುವ ಕೆಲಸ ಕೊಟ್ಟರು. ಬೆಳ್ಳಿ ಪರದೆಯ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ಮಾಸ್ತರರು. ಅವರ ಕೈಯಲ್ಲಿ, ತುಳಜಾಸಾ ಅಂಗಡಿಯಿಂದ ಬಾಡಿಗೆಗೆ ಬಂದ ನಾನು.

ಮಾಸ್ತರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಜನರಿಗೂ ಬರುತ್ತಿರಲಿಲ್ಲವಾದ್ದರಿಂದ ಅದು ಅಡ್ಡಿಯಾಗಲಿಲ್ಲ. ಪರದೆಯ ಮೇಲಿನ ಬಿಳಿ ದೊರೆಗಳಿಗೆಲ್ಲ ಅವರು ಊರವರ ಹೆಸರಿಡುತ್ತಿದ್ದರು. ಕೊಡೆ ಹಿಡಿದ ತೆಳ್ಳನೆಯ ದೊರೆ ಬಂದರೆ, “ಬಂದ್ರು ನೋಡ್ರಿ ನಮ್ಮ ಪೋಸ್ಟ್ ಮಾಸ್ತರ, ಬಿಸಿಲಿಲ್ಲ ಮಳಿ ಇಲ್ಲ, ಕೊಡಿ ಮಾತ್ರ ಬಿಡಂಗಿಲ್ಲ!” ಎನ್ನುವರು. ಡೇರೆ ಅಲುಗಾಡುವಂತೆ ನಗು. ನಿಜವಾದ ಪೋಸ್ಟ್ ಮಾಸ್ತರರು ಕುರ್ಚಿಯಲ್ಲಿ ಕೂತು ತಾವೂ ನಗುವರು. ಮರುದಿನ ಕಿರಾಣಿ ಅಂಗಡಿಯವರು ಬಂದು, “ಮಾಸ್ತರ, ನಮ್ಮ ಹೆಸರು ಯಾವಾಗ ಬರ್ತೈತ್ರಿ?” ಎಂದು ಕೇಳುವರು. ಹೆಸರು ಬಂದರೆ ಊರಲ್ಲಿ ಒಂದು ತೂಕ.

ಒಂದು ಚಳಿಗಾಲ ಹಳೆಯ ಹಾಲಿವುಡ್ ನಗೆ ಸಿನಿಮಾ ಒಂದು ಬಂತು. ಅದರ ಹೆಸರನ್ನು ಯಾರೂ ಓದಲಿಲ್ಲ. ಊರಿಗೆ ಅದು ಕರಡಿ ಸಿನಿಮಾ. ಕಥೆ ಇಷ್ಟು: ಮಂಜುಗಡ್ಡೆಯ ಮೇಲೆ ಹಾಕಿ ಆಟ ಆಡುವ ಒಂದು ತಂಡ. ಅವರ ಗೋಲ್‌ಕೀಪರ್ ಹಾಸಿಗೆ ಹಿಡಿಯುತ್ತಾನೆ. ಬೇರೆ ಯಾರೂ ಸಿಗದೆ ಸರ್ಕಸ್ಸಿನ ಕರಡಿಯೊಂದನ್ನು ತಂದು ಗೋಲಿನಲ್ಲಿ ನಿಲ್ಲಿಸುತ್ತಾರೆ. ಬೆಟಗೇರಿ ಹಾಕಿಯ ಹುಚ್ಚಿನ ಊರು. ನೇಕಾರರ ಓಣಿಯ ಹುಡುಗರು ಮಗ್ಗದಿಂದೆದ್ದು ನೇರ ಮೈದಾನಕ್ಕೆ ಹೋಗುವವರು. ಕೇಳಬೇಕೆ? ಮೊದಲ ದಿನವೇ ಡೇರೆ ತುಂಬಿತು.

“ಏ, ಕರಡಿ ಕಾಲಿಗೆ ಪ್ಯಾಡ್ ಕಟ್ಯಾರಲೋ!”

“ನಮ್ಮ ಟೀಮಿಗೆ ಎರಡ ಜೋಡಿ ಹರಕ ಪ್ಯಾಡ್ ಅದಾವು, ಕರಡಿಗೆ ನೋಡು ಹೊಸಾವು!”

ಕರಡಿ ಗೋಲಿನಲ್ಲಿ ಕೂತು ತೂಕಡಿಸುತ್ತದೆ. ಎದುರಾಳಿ ಚೆಂಡಿನ ಬದಲು ಹೊಡೆಯುವ ರಬ್ಬರಿನ ಚಕ್ಕೆ ಅದರ ಎರಡು ಕಾಲುಗಳ ನಡುವೆ ನುಸುಳಿ ಗೋಲಾಗುತ್ತದೆ. ಕೊನೆಯ ರೀಲಿನಲ್ಲಿ ಯಾರೋ ಬಲೆಯ ಹಿಂದೆ ಜೇನಿನ ಗಡಿಗೆ ನೇತುಹಾಕುತ್ತಾರೆ. ಆಮೇಲೆ ಕರಡಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ತಂಡ ಗೆಲ್ಲುತ್ತದೆ, ಕರಡಿಯನ್ನು ಹೆಗಲ ಮೇಲೆ ಹೊರಲು ಹೋಗಿ ಎಲ್ಲರೂ ಅಂಗಾತ ಬೀಳುತ್ತಾರೆ.

ಮೂರು ದಿನ ಕರಡಿ ಬರೀ ಕರಡಿಯಾಗಿಯೇ ಇತ್ತು. ನಾಲ್ಕನೆಯ ದಿನ ಮಧ್ಯಾಹ್ನ ಊರಿನ ತಂಡ ಫೈನಲ್ಲಿನಲ್ಲಿ ಸೋತಿತು. ಗೋಲಿನಲ್ಲಿದ್ದವನು ಅಂಬಾದಾಸ, ಇಪ್ಪತ್ತೆರಡರ ನೇಕಾರ. ಇಡೀ ಪಂದ್ಯ ಬಂಡೆಯಂತೆ ನಿಂತವನು. ಕೊನೆಗೆ ಒಂದೇ ಒಂದು ಚೆಂಡು ಅವನ ಕಾಲುಗಳ ನಡುವೆ ನುಸುಳಿತು.

ಆ ಸಂಜೆ ಡೇರೆಯಲ್ಲಿ ಯಾರೂ ನಗಲಿಲ್ಲ. ಪೋಸ್ಟ್ ಮಾಸ್ತರರ ಕೊಡೆಯ ಮಾತಿಗೂ ನಗಲಿಲ್ಲ. ಗದಿಗೆಪ್ಪ ಮಾಸ್ತರರ ಬೆವರು ನನ್ನ ಕುತ್ತಿಗೆಯ ಮೇಲೆ ಇಳಿಯತೊಡಗಿತು. ಅವರು ಹಸಿವನ್ನು ತಡೆಯಬಲ್ಲವರು. ನಗದ ಜನರನ್ನು ತಡೆಯಲಾರರು. ಕರಡಿ ಗೋಲು ಬಿಡುವ ದೃಶ್ಯ ಬಂತು. ಅವರು ಹಲ್ಲುಸಂದಿಯಿಂದ ಸುಯ್ಯನೆ ಉಸಿರೆಳೆದರು. ನಗೆಮಾತು ಹುಟ್ಟುವ ಮೊದಲು ಅವರು ಎಳೆಯುವ ಉಸಿರು ಅದು.

“ನೋಡ್ರೆಪಾ, ನಮ್ಮ ಅಂಬಾದಾಸ ಕಾಲು ಅಗಲ ಮಾಡಿ ನಿಂತಾನ! ಒಳಗ ಬಾರವ್ವಾ ಚೆಂಡವ್ವಾ, ಬಾಗಲಾ ತೆರದೈತಿ!”

ಆಮೇಲೆ ಡೇರೆಯ ಗೂಟ ಕೀಳುವಂಥ ನಗೆ. ಸೋಲಿನ ಸಿಟ್ಟೆಲ್ಲ ನಗೆಯಾಗಿ ಹೊರಬಂತು. ಅಂಬಾದಾಸ ಮುಂದೆಯೇ ನೆಲದ ಮೇಲೆ ಕೂತಿದ್ದ. ಪರದೆಯ ಬೆಳಕಿನಲ್ಲಿ ಅವನ ಮುಖ ನನಗೆ ಕಂಡಿತು. ಅವನೂ ನಕ್ಕ. ಎಲ್ಲರೂ ತನ್ನ ಕಡೆ ತಿರುಗಿದಾಗಲೂ ಬಾಯಿ ನಗುತ್ತಲೇ ಇತ್ತು, ಕಣ್ಣು ಮಾತ್ರ ಹೊರಗೆ ಹೋಗುವ ದಾರಿ ಹುಡುಕುತ್ತಿತ್ತು.

ಇದು ಅಂದಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಮರುದಿನ ಜನ ಅದೊಂದು ಮಾತಿಗಾಗಿಯೇ ಬಂದರು. ಮಾಸ್ತರರು ಹೇಳಿದರು. ಮೂರು ವಾರ ದಿನಾ ಹೇಳಿದರು. ಇನ್ನೊಂದು ಸಂಗತಿ ನನಗೆ ಇಂದಿಗೂ ಚುಚ್ಚುತ್ತದೆ. ಕೊನೆಯ ರೀಲಿನಲ್ಲಿ ಕರಡಿ ಗೆಲ್ಲುವಾಗ ಮಾಸ್ತರರು ಅದಕ್ಕೆ ಬೇರೆ ಹೆಸರಿಡುತ್ತಿದ್ದರು. ಒಂದು ದಿನ ತುಳಜಾಸಾ, ಇನ್ನೊಂದು ದಿನ ಟಾಕೀಸಿನ ಮಾಲೀಕರು. ಸೋಲುವ ಕರಡಿ ಅಂಬಾದಾಸ, ಗೆಲ್ಲುವ ಕರಡಿ ಬೇರೆ ಯಾರೋ. ಆ ಎರಡೂ ಹೆಸರನ್ನು ಊರಿಗೆ ಮುಟ್ಟಿಸಿದವನು ನಾನೇ.

ಓಣಿಯಲ್ಲಿ ಅಂಬಾದಾಸನ ಹೆಸರು ಹೋಯಿತು. ನೀರಿಗೆ ಹೋದರೆ ಕರಡಿ, ನೂಲಿಗೆ ಹೋದರೆ ಕರಡಿ.

ಆ ಹೊತ್ತಿಗೇ ದೊಡ್ಡ ಗಿರಣಿಯೊಂದರ ಹಾಕಿ ತಂಡದವರು ಆಟಗಾರರನ್ನು ಆರಿಸಲು ಊರಿಗೆ ಬರುವ ಸುದ್ದಿ ಬಂತು. ಆಯ್ಕೆಯಾದವನಿಗೆ ಗಿರಣಿಯಲ್ಲಿ ಕಾಯಂ ನೌಕರಿ. ಅವರಿಗೆ ಬೇಕಾಗಿದ್ದದ್ದು ಒಬ್ಬ ಗೋಲ್‌ಕೀಪರ್. ಅದಕ್ಕಾಗಿ ಊರ ತಂಡಕ್ಕೂ ಹೊರಗಿನ ಒಂದು ತಂಡಕ್ಕೂ ಪಂದ್ಯ ಇಟ್ಟು, ಅದರ ವರ್ಣನೆಗೆ ಗದಿಗೆಪ್ಪ ಮಾಸ್ತರರನ್ನೇ ಗೊತ್ತುಮಾಡಿದರು. ಹಿಂದಿನ ದಿನ ಮಾಸ್ತರರು ಅಂಗಡಿಯಲ್ಲಿ ನನ್ನನ್ನು ತಟ್ಟಿ ನೋಡುತ್ತಿದ್ದಾಗ ಅಂಬಾದಾಸ ಬಂದು ಬಾಗಿಲಲ್ಲಿ ನಿಂತ.

“ಮಾಸ್ತರ, ಒಂದು ಮಾತು ಇತ್ತು.”

“ಬಾರೋ ಅಂಬಾದಾಸ, ಕೂಡು.”

“ನಾಳೆ ಒಂದಿನ ಅದನ್ನ ಅನಬ್ಯಾಡ್ರಿ. ನಾಡಿದ್ದಿಂದ ಬೇಕಾದ್ದು ಅನ್ರಿ.” ಅವನು ನೆಲ ನೋಡುತ್ತಲೇ ಹೇಳಿದ. “ಅಪ್ಪಗ ಕಣ್ಣು ಮಂಜಾಗ್ಯಾವು, ಎಳಿ ಕಾಣವಲ್ಲವು. ಈ ನೌಕರಿ ಆದ್ರ ಮನಿ ಒಂದು ದಡಾ ಸೇರ್ತೈತ್ರಿ.”

ಮಾಸ್ತರರು ನನ್ನನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಎದ್ದು ಹೋದರು. “ಏ ಹುಚ್ಚಪ್ಯಾಲಿ, ನಾ ಯಾಕ ಅಂತೀನೋ? ನನ್ನ ಮಗನಂಗ ನೀನು. ಹೋಗು, ಎದಿ ಗಟ್ಟಿ ಇಟ್ಟು ಆಡು.”

ಮನಸ್ಸಿಟ್ಟೇ ಹೇಳಿದರು. ಸುಳ್ಳಿನ ಉಸಿರು ಎಂಥದ್ದೆಂದು ನನಗೆ ಗೊತ್ತು. ಅದು ಅದಲ್ಲ.

ಮರುದಿನ ಮಧ್ಯಾಹ್ನ ಮೈದಾನದ ಸುತ್ತ ಜನ ಕಿಕ್ಕಿರಿದರು. ಎರಡು ಕಂಬಕ್ಕೆ ಎರಡು ಹಾರ್ನು. ಅದರಲ್ಲೊಂದನ್ನು ಗೋಲಿನ ಹಿಂದೆಯೇ ಕಟ್ಟಿದ್ದರು. ಮೊದಲ ಅರ್ಧದಲ್ಲಿ ಅಂಬಾದಾಸ ಐದು ಹೊಡೆತ ತಡೆದ. “ತಡದಾ! ನಮ್ಮ ಅಂಬಾದಾಸ ತಡದಾ!” ಎಂದು ಮಾಸ್ತರರು ಕೂಗಿದ ಕೂಗಿಗೆ ನನ್ನ ಪೊರೆ ಹರಿಯಬೇಕು. ಗಿರಣಿಯ ಸಾಹೇಬರು ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿ ತಲೆಯಾಡಿಸಿದರು.

ಎರಡನೆಯ ಅರ್ಧದಲ್ಲಿ ಆಟ ಸಪ್ಪೆಯಾಯಿತು. ಜನ ಶೇಂಗಾ ಸುಲಿಯುತ್ತ ತಮ್ಮ ತಮ್ಮ ಮಾತಿಗೆ ಇಳಿದರು. ಕೆಲವರು ಚಹಾದ ಅಂಗಡಿಗೆ ನಡೆದರು. ಎದ್ದುಹೋಗುವ ಬೆನ್ನುಗಳನ್ನು ಮಾಸ್ತರರು ನೋಡಿದರು. ನನ್ನ ಕುತ್ತಿಗೆ ಮತ್ತೆ ಒದ್ದೆಯಾಯಿತು.

ಆಟ ಮುಗಿಯಲು ಐದು ನಿಮಿಷ ಇರುವಾಗ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಂಬಾದಾಸ ಮಂಡಿ ಬಾಗಿಸಿ ನಿಂತ. ಇಡೀ ಮೈದಾನ ಗಪ್‌ಚಿಪ್. ಆ ಮೌನದಲ್ಲಿ ಹಲ್ಲುಸಂದಿಯಿಂದ ಸುಯ್ಯನೆ ಒಂದು ಉಸಿರು ಒಳಹೋದದ್ದು ನನಗೆ ಕೇಳಿಸಿತು.

ನನಗೆ ತಿಳಿಯಿತು. ಬರುವ ಮಾತು ಯಾವುದೆಂದು ಆ ಮೈದಾನದಲ್ಲಿ ಮೊದಲು ತಿಳಿದವನು ನಾನು. ಮಂಗಳಾಷ್ಟಕದ ನಡುವೆ ಕೈಕೊಟ್ಟಿದ್ದೆ, ಸಾಹೇಬರ ಭಾಷಣದ ನಡುವೆ ಕೈಕೊಟ್ಟಿದ್ದೆ, ಹಿಂದಿನ ವಾರ ಕಥೆಯ ನಡುವೆ ಎರಡು ಸಲ ಮೂಕನಾಗಿದ್ದೆ. ಆ ಬೆಸುಗೆ ಆ ಒಂದು ಗಳಿಗೆ ಬಿಟ್ಟುಕೊಂಡಿದ್ದರೆ ಸಾಕಿತ್ತು. ಬಿಡಲಿಲ್ಲ. ಹೊಸ ಮೈಕಿನಂತೆ, ಗಂಟೆಯಂತೆ ಕೇಳಿಸಿದೆ.

“ಕರಡಿ ಕಾಲು ಅಗಲ ಮಾಡೇತಿ ನೋಡ್ರೆಪೋ!”

ಜನ ಹೋ ಎಂದರು. ಗೋಲಿನ ಹಿಂದಿನ ಹಾರ್ನಿನತ್ತ ಅಂಬಾದಾಸನ ತಲೆ ಅರ್ಧ ತಿರುಗಿತು. ಅಷ್ಟೇ. ಚೆಂಡು ಈ ಸಲ ಕಾಲುಗಳ ನಡುವೆ ಹೋಗಲಿಲ್ಲ. ಅವನು ನೋಡದಿದ್ದ ಬದಿಯಿಂದ ಒಳಗೆ ಹೋಯಿತು.

ಮಾಸ್ತರರು ನನ್ನನ್ನು ಮೇಜಿನ ಮೇಲಿಟ್ಟರು. ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಗಿರಣಿಯವರು ಎದುರಾಳಿ ತಂಡದ ಗೋಲ್‌ಕೀಪರನ ಹೆಸರು ಬರೆದುಕೊಂಡು ಜೀಪು ಹತ್ತಿದರು.

ಅಂದು ಸಂಜೆ ಡೇರೆಯ ಆಟದಲ್ಲಿ ಮಾಸ್ತರರು ಮೊದಲ ರೀಲಿನಿಂದ ಒಂದು ತಮಾಷೆಯನ್ನೂ ಹೇಳಲಿಲ್ಲ. ಕರಡಿ ಗೋಲು ಬಿಟ್ಟಾಗ ಸುಮ್ಮನಿದ್ದರು. ಜನ ಆ ಹಳೆಯ ಮಾತನ್ನು ತಾವೇ ಕೂಗಿಕೊಂಡರು. ಕೊನೆಯ ರೀಲು ಬಂತು. ಕರಡಿ ಗೆದ್ದಿತು. ಮಾಸ್ತರರು ಎದ್ದು ನಿಂತರು.

“ಗೆದ್ದವ ಅಂಬಾದಾಸ! ಇವತ್ತ ಮೈದಾನದಾಗ ಗೆಲ್ಲಬೇಕಾದವನೂ ಅವನ. ಕೆಡಿಸಿದವ ನಾನು. ಮಾತು ಕೊಟ್ಟು ತಪ್ಪಿದೆ. ಊರ ಮುಂದ ಕೈ ಮುಗದು ಕೇಳ್ತೀನಿ, ತಪ್ಪಾತು...”

ನನ್ನ ಜಾಳಿಗೆಯ ಮೇಲೆ ಕಣ್ಣೀರು ಬಿತ್ತು.

ಡೇರೆ ಬಿದ್ದು ಬಿದ್ದು ನಕ್ಕಿತು. ಅದುವರೆಗಿನ ಯಾವ ನಗೆಯೂ ಅದರ ಮುಂದೆ ಏನೂ ಅಲ್ಲ. ಹಿಂದಿನಿಂದ ಯಾರೋ ಸಿಳ್ಳು ಹೊಡೆದು, “ವನ್ಸ್ ಮೋರ್, ಮಾಸ್ತರ! ವನ್ಸ್ ಮೋರ್!” ಎಂದರು. ಇಪ್ಪತ್ತು ವರ್ಷ ಸುಳ್ಳು ಅಳು ಅತ್ತು ನಗಿಸಿದ ಮನುಷ್ಯ. ಅವರ ನಿಜವಾದ ಅಳುವನ್ನು ಯಾರು ನಂಬುತ್ತಾರೆ? ಅಂಬಾದಾಸ ಅಲ್ಲಿ ಇರಲೂ ಇಲ್ಲ. ಅವನಿಗೆ ಮುಟ್ಟಿದ್ದು ಮರುದಿನದ ಸುದ್ದಿ ಮಾತ್ರ: ಮಾಸ್ತರ ನಿನ್ನ ಮ್ಯಾಲೆ ಇನ್ನೊಂದು ಛಲೋ ತಮಾಷೆ ಕಟ್ಯಾರ.

ಆ ಸಂಜೆಯ ನಂತರ ಮಾಸ್ತರರು ಸ್ಟೂಲು ಹತ್ತಲಿಲ್ಲ. ಡೇರೆಯೂ ಬೇರೆ ಊರಿಗೆ ಹೋಯಿತು. ನಾನು ಅಂಗಡಿಗೆ ಮರಳಿ, ಪ್ರವಚನಕ್ಕೆ, ಚುನಾವಣೆಗೆ, ಶಾಲೆಯ ಕೂಟಕ್ಕೆ ಓಡಾಡಿಕೊಂಡಿದ್ದೆ. ತುಳಜಾಸಾ ತೀರಿಕೊಂಡರು. ಅವರ ಮಗ ನನ್ನ ಬೆಸುಗೆ ರಿಪೇರಿ ಮಾಡಿಸಿದ. ಇನ್ನು ಕೈಕೊಡುವುದು ನನ್ನಿಂದ ಸಾಧ್ಯವೇ ಇರಲಿಲ್ಲ.

ಹದಿನೆಂಟು ವರ್ಷದ ಮೇಲೆ ಗದಿಗೆಪ್ಪ ಮಾಸ್ತರರು ಹೋದರು. ಊರ ವಾಚನಾಲಯದಲ್ಲಿ ಸಂತಾಪ ಸಭೆ ಇಟ್ಟರು. ನನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಒಬ್ಬೊಬ್ಬರಾಗಿ ಬಂದು ಮಾಸ್ತರರ ನಗೆಮಾತು ನೆನೆದರು. ಮುದುಕರಾಗಿದ್ದ ಪೋಸ್ಟ್ ಮಾಸ್ತರರು ಕೊಡೆಯ ಕಥೆ ಹೇಳಿ ಕಣ್ಣೊರೆಸಿಕೊಂಡರು. ಇನ್ನೊಬ್ಬ ಉಮೇದಿನಲ್ಲಿ ಕರಡಿಯ ಕಥೆ ಶುರುಮಾಡಿ, ಮೂಲೆಯಲ್ಲಿ ಕೂತವನನ್ನು ಕಂಡು ಅರ್ಧಕ್ಕೇ ನುಂಗಿದ.

ಮೂಲೆಯಲ್ಲಿದ್ದ ಅಂಬಾದಾಸ ಎದ್ದು ಬಂದ. ಮೀಸೆ ನರೆತಿತ್ತು. ಊರಿಗೆ ಕೇಳುವಂತೆ ನನ್ನ ಮುಂದೆ ಅವನು ಬಾಯಿ ತೆರೆದದ್ದು ಅದೇ ಮೊದಲು. ಉಸಿರಲ್ಲಿ ಗಂಜಿ ಹಾಕಿದ ನೂಲಿನ ವಾಸನೆ ಇತ್ತು.

“ನನಗ ಮಾತಾಡಾಕ ಬರಂಗಿಲ್ಲ. ಒಂದ ಸಂಗತಿ ಹೇಳಿ ಕುಂಡರ್ತೀನಿ. ಆ ಆಟಾ ಆದ ಮ್ಯಾಲೆ ಮಾಸ್ತರು ನಾಕು ಸಲ ನಮ್ಮ ಮನಿಗೆ ಬಂದ್ರು. ಮೊದಲ್ನೇ ಸಲ ಬಾಳಿಹಣ್ಣು ತಂದಿದ್ರು. ಬಾಗಲದಾಗ ನಿಂತು ಏನೋ ಅಂದ್ರು. ನಾ ಮಗ್ಗ ನಿಲ್ಲಿಸಲಿಲ್ಲ. ಅವರ ಮಾತು ಕೇಳಬಾರದು ಅಂತ ಮತ್ತಷ್ಟು ಜೋರು ನೇಯ್ದೆ. ನಾಕೂ ಸಲ ಹಂಗ ಮಾಡಿದೆ. ಆ ಸೀರಿ ಅಗದಿ ಗಟ್ಟಿ ಬಂದ್ವು.”

ಯಾರೋ ನಗಲು ಹೋಗಿ ತಡೆದುಕೊಂಡರು.

“ನಾಕನೇ ಸಲ ಅವರು ಹೋದ ಮ್ಯಾಲೆ ನನಗ ಅನಿಸ್ತು, ಸಾಕು, ಇನ್ನ ಬಂದ್ರ ಮಗ್ಗ ಬಿಟ್ಟು ಎದ್ದು ಕರ್ಕೊಂಡು ಕುಂಡರಸಬೇಕು ಅಂತ. ದಿನಾ ಬಾಗಲದ ಕಡೆ ನೋಡ್ತಿದ್ದೆ. ಅವರ ಮನಿ ನಮ್ಮ ಮನಿಯಿಂದ ಎರಡ ಓಣಿ. ನಾ ಹೋಗಬಹುದಿತ್ತು. ಬರ್ತಾರಂತ ಮಾಡಿದ್ದೆ. ಅವರು ಬರಲಿಲ್ಲ, ನಾ ಹೋಗಲಿಲ್ಲ.”

ಅಷ್ಟು ಹೇಳಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಆಮೇಲೆ ಮೆಲ್ಲನೆ ಹೋಗಿ ತನ್ನ ಜಾಗದಲ್ಲಿ ಕೂತ.

ಈಗ ನಾನು ಅಂಗಡಿಯ ಮೇಲಿನ ಹಲಗೆಯಲ್ಲಿದ್ದೇನೆ. ತಂತಿ ಇಲ್ಲದ ಮೈಕುಗಳು ಬಂದಿವೆ. ನನ್ನ ಜಾಳಿಗೆ ತುಕ್ಕು ಹಿಡಿದಿದೆ. ಆ ನಾಲ್ಕು ಸಲದ ಸಂಗತಿ ಆ ಸಭೆಯ ದಿನದವರೆಗೆ ನನಗೆ ತಿಳಿದಿರಲಿಲ್ಲ. ಆಗ ಮಾಸ್ತರರು ನನ್ನನ್ನು ಕರೆದೊಯ್ದಿರಲಿಲ್ಲ. ಇಬ್ಬರ ನಡುವಿನ ಮಾತಿಗೆ ಮೈಕು ಯಾಕೆ ಬೇಕು? ಒಂದು ಊರಿಗೆ ನಗೆಯನ್ನು ಮುಟ್ಟಿಸಲು ನನಗೆ ಕಣ್ಣುಮಿಟುಕಿಸುವಷ್ಟು ಹೊತ್ತೂ ಬೇಕಾಗಿರಲಿಲ್ಲ. ಹಾಗೆ ಹೋದ ಮಾತನ್ನು ಹಿಂದಕ್ಕೆ ಪಡೆಯಲು ಒಬ್ಬನ ಬಾಗಿಲಿಗೆ ಎಷ್ಟು ಸಲ ಹೋಗಬೇಕು ಎಂದು ಈ ಹಲಗೆಯ ಮೇಲೆ ಕೂತು ಲೆಕ್ಕ ಹಾಕುತ್ತಿರುತ್ತೇನೆ. ನಾಲ್ಕು ಸಾಲದು ಎಂಬುದಷ್ಟೇ ಗೊತ್ತು.