ಏಕವಚನದ ಸೊಸೆ

ಕೊರಿಯಾದ ಬೊಲ್‌ಗ್ಯೊದ ಕೆಸರುಕಡಲಿನ ದಂಡೆಯಲ್ಲಿ ಮಾಲ್‌ಸುನ್ ಮುದುಕಿಯ ಸೊಸೆಯೆಂದರೆ ಎಲ್ಲರಿಗೂ ತಮಾಷೆ. ವಿಯೆಟ್ನಾಮಿನಿಂದ ಮದುವೆಯಾಗಿ ಬಂದ ದಿಯೆಪ್, ಕೊರಿಯನ್ ಕಲಿತದ್ದು ಅತ್ತೆಯ ಬಾಯಿಂದ. ಗಂಡ ಸಾಂಗ್‌ದು ಏಡಿ ಹಿಡಿಯುವ ದೋಣಿ ಹತ್ತಿದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಅತ್ತೆ 'ಬಾರೇ, ತಿನ್ನೇ, ಮಲಗೇ' ಎಂದಳು. ಇವಳು ಅದನ್ನೇ ಭಾಷೆ ಅಂದುಕೊಂಡು ಅತ್ತೆಗೇ ತಿರುಗಿಸಿ ಹೇಳಿದಳು. ಊರಿನ ಮುಖ್ಯಸ್ಥ ಮನೆಗೆ ಬಂದಾಗಲೂ, "ಏ, ಕೂತ್ಕೊ. ಉಂಡ್ಯಾ?" ಅಂದುಬಿಟ್ಟಿದ್ದಳು.

ಚಿಪ್ಪು ಆರಿಸುವ ಹೆಂಗಸರು ಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಲ್ಲಿ ಕೆಸರು ಒದೆಯುತ್ತ ಹೋಗುವಾಗ ಇದೇ ಮಾತು.

"ಸೊಸೆ ಕೈಲಿ ಹೋಗೇ ಬಾರೇ ಅನ್ನಿಸ್ಕೊಳ್ತೀಯಲ್ಲೇ, ನಾಚಿಕೆ ಆಗಲ್ವಾ?"

"ನಿನ್ ಸೊಸೆ ತಾವು ತಾವು ಅಂತಾಳೆ, ವರ್ಷಕ್ಕೊಂದ್ ಸಲ ಮುಖ ತೋರಿಸ್ತಾಳೆ. ಇವಳು ನನ್ ಬೆನ್ನು ಉಜ್ಜುತಾಳೆ. ಸುಮ್ನೆ ಹಲಗೆ ತಳ್ಳು," ಅನ್ನುತ್ತಿದ್ದಳು ಮುದುಕಿ.

ಆದರೂ ಮುದುಕಿ ಸೊಸೆಯನ್ನು ಪೇಟೆಯ ಭಾಷೆ ತರಗತಿಗೆ ಕಳಿಸಿದಳು. ಅಲ್ಲಿ ಪಿಯೋ ಟೀಚರ್ ಬಹುವಚನ ಕಲಿಸುತ್ತಿದ್ದರು. ಹಿರಿಯರು ತಿನ್ನುವುದಿಲ್ಲ, ಊಟ ಮಾಡುತ್ತಾರೆ. ಮಲಗುವುದಿಲ್ಲ, ವಿಶ್ರಮಿಸುತ್ತಾರೆ. ದಿಯೆಪ್ ಬಾಯಿಪಾಠ ಮಾಡಿಕೊಂಡು ಬಂದು ಮನೆಯಲ್ಲಿ "ಅಮ್ಮ, ತಾವು ಊಟಕ್ಕೆ ದಯಮಾಡಿಸಿ" ಅಂದಳು. ಮುದುಕಿ ಬೆಚ್ಚಿ, "ಯಾಕೇ, ನನ್ ಮೇಲೆ ಕೋಪಾನಾ?" ಅಂತ ಕೇಳಿದಳು. ಅಲ್ಲಿಗೆ ಬಹುವಚನ ಹೊಸಿಲಾಚೆಗೇ ಉಳಿಯಿತು.

ಆ ವರ್ಷದ ಚಳಿಗಾಲದ ಆರಂಭದಲ್ಲಿ ಮುದುಕಿಗೆ ಅನ್ನ ಇಳಿಯದಾಯಿತು. ಒಂದು ದಿನ ಹಲಗೆಯಿಂದ ಉರುಳಿ ಕೆಸರಿಗೆ ಮುಖ ಕೊಟ್ಟು ಬಿದ್ದಳು. ಸುನ್‌ಚನ್‌ನ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಡಾಕ್ಟರು ವಿಯೆಟ್ನಾಮಿ ಸೊಸೆಯ ಜೊತೆ ಮಾತಾಡದೆ, ಗ್ವಾಂಗ್ಜು ನಗರದಲ್ಲಿದ್ದ ಮುದುಕಿಯ ಮಗಳು ನಾಮ್‌ಹಿಗೆ ಫೋನ್ ಮಾಡಿದರು. ಆಮೇಲೆ ನಾಮ್‌ಹಿ ದಿಯೆಪ್‌ಗೆ ಫೋನ್ ಮಾಡಿದಳು.

"ಕ್ಯಾನ್ಸರು. ಎಲ್ಲಾ ಕಡೆ ಹಬ್ಬಿದೆಯಂತೆ. ಈ ಚಳಿಗಾಲ ದಾಟೋದೇ ಕಷ್ಟ. ಅಮ್ಮನಿಗೆ ಹೊಟ್ಟೇಲಿ ಹುಣ್ಣು ಅಂತ ಹೇಳಿದೀನಿ. ನೀನು ಬಾಯಿ ಬಿಡಬೇಡ. ಅರ್ಥ ಆಯ್ತಾ?"

"ಆಯ್ತು, ಅಕ್ಕ."

ಊರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಹೆಂಗಸರು ಗಂಜಿ ಹೊತ್ತು ತಂದರು, ಮುದುಕಿಯ ಕಣ್ಣಿಗೆ ಕಣ್ಣು ಕೊಡದೆ ಹವಾಮಾನದ ಮಾತಾಡಿದರು. ದಿನಾ ಜಗಳವಾಡುತ್ತಿದ್ದ ನೆರೆಮನೆಯವಳು ಬಂದು ಕೈ ಹಿಡಿದುಕೊಂಡು ಕೂತಳು. ಅವಳು ಹೋದಮೇಲೆ ಮುದುಕಿ ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಗೋಡೆಗೊರಗಿ ಸೊಸೆಯನ್ನು ಕರೆದಳು.

"ಹುಣ್ಣಿಗೆ ಯಾರಾದ್ರೂ ಇಷ್ಟು ಗಂಜಿ ತರ್ತಾರೇನೇ? ನೀನು ಹೇಳು. ನಿಂಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ."

ದಿಯೆಪ್ ಮೆತ್ತನೆಯ ಮಾತಿಗಾಗಿ ತಡಕಾಡಿದಳು. ಅಂಥ ಮಾತೊಂದು ಇದ್ದೇ ಇರುತ್ತದೆ, ಈ ಜನ ಎಲ್ಲದಕ್ಕೂ ಎರಡೆರಡು ಮಾತು ಇಟ್ಟುಕೊಂಡವರು. ಅವಳಿಗೆ ಸಿಕ್ಕಿದ್ದು ಒಂದೇ. ಮೀನಿಗೂ ನಾಯಿಗೂ ಬಳಸುವಂಥದ್ದು.

"ಅಮ್ಮ, ನೀನು ಸಾಯ್ತೀಯ."

ಮುದುಕಿ ಕಿಟಕಿಯ ಕಡೆ ನೋಡುತ್ತ ಕೂತಳು. ಹೊರಗೆ ಒಣಹಾಕಿದ ಮೀನು ಗಾಳಿಗೆ ತಿರುಗುತ್ತಿತ್ತು.

"ಯಾವಾಗ?"

"ಚಳಿ ಮುಗಿಯಲ್ಲ. ಮುಂಚೆ."

"ನೋವಾಗುತ್ತಾ?"

"ಗೊತ್ತಿಲ್ಲ."

"ಹೆದರ್ಕೊಂಡಿದ್ಯಾ?"

"ಹೂಂ."

"ನಂಗೂ ಹೆದರಿಕೆ ಕಣೇ," ಅಂದಳು ಮುದುಕಿ. ಸೊಸೆಯ ತೋಳು ಹಿಡಿದು ಮೆಲ್ಲಗೆ ಬಾಗಿ, ಅವಳ ತೊಡೆಯ ಮೇಲೆ ತಲೆಯಿಟ್ಟಳು.

ಮರುದಿನ ಮುದುಕಿ ಮಗಳಿಗೆ ಫೋನ್ ಮಾಡಿ, ತಾನು ಈ ಕೋಣೆಯಲ್ಲೇ ಸಾಯುವುದಾಗಿ ಹೇಳಿದಳು. ನಾಮ್‌ಹಿ ಸಂಜೆಯೊಳಗೆ ಕಾರು ತಂದು ನಿಲ್ಲಿಸಿದಳು.

"ಬಾಯಿ ಬಿಡಬೇಡ ಅಂದಿರ್ಲಿಲ್ವಾ? ಭಾಷೆ ನೆಟ್ಟಗೆ ಬರಲ್ಲ, ಇದನ್ನ ಮಾತ್ರ ಹೇಳೋಕೆ ಬಂತಾ ನಿಂಗೆ?"

"ಅವಳನ್ನ ಬಯ್ಬೇಡ," ಅಂದಳು ಮುದುಕಿ. "ನಾನೇ ಕೇಳಿದ್ದು."

ನಾಮ್‌ಹಿ ಕೇಳಲಿಲ್ಲ. ತಾಯಿಯ ಬಟ್ಟೆ ಕಟ್ಟಿ ಗ್ವಾಂಗ್ಜುವಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ದಿಯೆಪ್ ಬರುತ್ತೇನೆಂದಾಗ, ನೀನು ಬಂದು ಇನ್ನೇನು ಹೇಳಬೇಕು ಅಂದಳು. ಫೋನ್ ಮಾಡಿದರೆ, ಅಮ್ಮ ನಿದ್ದೆ ಮಾಡ್ತಿದ್ದಾರೆ ಅನ್ನುವ ಉತ್ತರ. ಒಂದೇ ಸಲ ಮುದುಕಿಯ ದನಿ ಕೇಳಿತು, "ಮನೆಗೆ ಕರ್ಕೊಂಡು ಹೋಗೇ" ಅನ್ನುವಷ್ಟು. ದಿಯೆಪ್ ಬಸ್ಸು ಹತ್ತಿ ಹೋದಳು. ಕೊಳವೆಗಳ ನಡುವೆ ಮಲಗಿದ್ದವಳನ್ನು ಗಾಜಿನಾಚೆಯಿಂದ ನೋಡಿಕೊಂಡು ವಾಪಸು ಬಂದಳು. ಕೆಲವೇ ದಿನಗಳಲ್ಲಿ ಮುದುಕಿ ಅಲ್ಲೇ ಹೋದಳು. ಸಾಂಗ್‌ದು ದೋಣಿಯಿಂದ ಇಳಿದು ನೇರ ಆಸ್ಪತ್ರೆಯದೇ ಅಂತ್ಯಕ್ರಿಯೆಯ ಸಭಾಂಗಣಕ್ಕೆ ಬಂದ.

ಅಲ್ಲಿ ದಿಯೆಪ್ ಕಪ್ಪುಬಟ್ಟೆ ಉಟ್ಟು, ಸಂತಾಪ ಹೇಳಲು ಬಂದವರಿಗೆ ಪದ್ಧತಿಯಂತೆ ಖಾರದ ಮಾಂಸದ ಸಾರು ಬಡಿಸುತ್ತಿದ್ದಳು. ಸರಿಯಾಗಿ ಕಿವಿ ಕೇಳದ ದೂರದ ಸಂಬಂಧದ ಅಜ್ಜಿಯೊಬ್ಬಳು ಯಾವಾಗ ಆಯಿತೆಂದು ಕೇಳಿದಳು. "ಅಮ್ಮ ನಿನ್ನೆ ಬೆಳಿಗ್ಗೆ ಸತ್ತಳು," ಅಂದಳು ದಿಯೆಪ್, ಗಟ್ಟಿಯಾಗಿ. ಸುತ್ತ ಚಮಚಗಳು ನಿಂತವು. ಪಿಯೋ ಟೀಚರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ತೀರಿಕೊಂಡರು ಅನ್ನಬೇಕಮ್ಮ." ದಿಯೆಪ್ ತುಟಿಯಲ್ಲೇ ಹೇಳಿಕೊಂಡು ನೋಡಿದಳು. ಅದು ಬೇರೆ ಯಾರದೋ ವಿಷಯದಂತೆ ಕೇಳಿಸಿತು.

ಪಾತ್ರೆ ತೊಳೆಯುವಲ್ಲಿಗೆ ನಾಮ್‌ಹಿ ಹಿಂದೆಯೇ ಬಂದಳು. ಬೈಯಲು ಬಂದಳೆಂದು ದಿಯೆಪ್ ತಲೆ ತಗ್ಗಿಸಿದಳು.

"ಆವತ್ತು ನೀನು ಹೇಳ್ದಾಗ," ಅಂದಳು ನಾಮ್‌ಹಿ, "ಅಮ್ಮ ಏನಂದ್ರು?"

ದಿಯೆಪ್ ಗೊತ್ತಿದ್ದಷ್ಟು ಮಾತಲ್ಲಿ ಹೇಳಿದಳು. ಯಾವಾಗ ಅಂದಳು. ನೋವಾಗುತ್ತಾ ಅಂದಳು. ಹೆದರಿಕೆ ಅಂದಳು. ನನ್ನ ತೊಡೆ ಮೇಲೆ ಮಲಗಿದಳು.

"ಹೆದರಿಕೆ ಅಂದ್ರಾ?" ನಾಮ್‌ಹಿ ನಲ್ಲಿಯ ಕಟ್ಟೆ ಹಿಡಿದುಕೊಂಡಳು. "ವಸಂತ ಬರೋಷ್ಟರಲ್ಲಿ ಹುಷಾರಾಗ್ತೀರ ಅಂತ ನಾನು ದಿನಾ ಹೇಳ್ತಿದ್ದೆ. ಹೂಂ ಕಣೇ, ಹೂಂ ಕಣೇ ಅಂತಿದ್ರು. ನನ್ ಹತ್ರ ಒಂದ್ ಸಲಾನೂ ಹೆದರಿಕೆ ಅನ್ಲಿಲ್ಲ."

"ನೀನು ಕೇಳ್ಲಿಲ್ಲ," ಅಂದಳು ದಿಯೆಪ್.

ನಾಮ್‌ಹಿಯ ಕೈ ಮೇಲೆದ್ದಿತು. ಹೊಡೆಯುವ ಮುಂಚೆ ತಾನಾಗಿ ಇಳಿಯಿತು. ಹೊರಗಿನಿಂದ ಸಾಂಗ್‌ದು, ಜನ ಬಂದಿದ್ದಾರೆ ಅಂತ ಕರೆದ. ನಾಮ್‌ಹಿ ಮುಖ ಒರೆಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಅವಳ ಅಳು ಕೇಳಿಸಿತು. ನಿನ್ನೆಯಿಂದ ಬಂದವರ ಮುಂದೆಲ್ಲ ಅತ್ತಿದ್ದ ಅಳು ಅದಲ್ಲ. ದನಿ ಒಡೆದು, ನಡುನಡುವೆ ಉಸಿರು ಸಿಕ್ಕದೆ ನಿಲ್ಲುತ್ತಿತ್ತು. ದಿಯೆಪ್ ನಲ್ಲಿ ನಿಲ್ಲಿಸಿ, ಅದು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.